ನರಕದಲ್ಲಿ ಚೀರಕ್ಕ ಸುಮ್ಮನಾದ ಮಧ್ಯಾಹ್ನ

ಆ ಮನೆಯಲ್ಲಿ 'ನರಕಕ್ಕೆ ಹೊತ್ತಾಯಿತು' ಎಂದರೆ ಕೆಲಸಕ್ಕೆ ಹೊತ್ತಾಯಿತು ಎಂದಷ್ಟೇ ಅರ್ಥ. ಗಂಡ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಈ ಮಾತು ಹೇಳುತ್ತಿದ್ದ. ಹೆಂಡತಿ ಒಲೆ ಆರಿಸಿ, ಬಿಸಿನೀರಿನ ಫ್ಲಾಸ್ಕು, ಊಟದ ಕ್ಯಾರಿಯರ್ ಎರಡನ್ನೂ ಚೀಲಕ್ಕೆ ಸೇರಿಸಿ ಹೊರಡುತ್ತಿದ್ದಳು. ಪಕ್ಕದ ಮನೆಗೆ ಹೊಸದಾಗಿ ಬಂದಾಕೆ ಮೊದಲ ವಾರ ಇದನ್ನು ಕೇಳಿ ಎದೆ ಹಿಡಿದುಕೊಂಡಿದ್ದಳಂತೆ. ಇಷ್ಟು ತಣ್ಣಗೆ ಮಾತಾಡಿಕೊಂಡು ಇಬ್ಬರೂ ಜೊತೆಯಾಗಿ ನರಕಕ್ಕೆ ಹೊರಡುವುದೆಂದರೇನು? ಆಮೇಲೆ ಯಾರೋ ತಿಳಿಸಿ ಹೇಳಿದರು. ಊರಾಚೆಯ ಆಟದ ಪಾರ್ಕಿನಲ್ಲಿ, ತಿರುಗುವ ಕುದುರೆಗಳನ್ನು ದಾಟಿದ ಮೇಲೆ, ಹಲಗೆ, ತಗಡು, ಗಾರೆಯಿಂದ ಕಟ್ಟಿದ ಒಂದು ಗುಹೆಯಿದೆ. ಅದರ ಹೆಸರೇ ನರಕ. ಟಿಕೆಟ್ ತೆಗೆದುಕೊಂಡವರನ್ನು ಪುಟ್ಟ ರೈಲೊಂದು ಒಳಗೆ ಕರೆದೊಯ್ದು, ಪಾಪಿಗಳ ಪಾಡನ್ನೆಲ್ಲ ತೋರಿಸಿ, ಮತ್ತೆ ಬೆಳಕಿಗೆ ತಂದು ಬಿಡುತ್ತದೆ. ಗಂಡ ಆ ರೈಲಿನ ಮೋಟರು ನಡೆಸುವವನು. ಹೆಂಡತಿ ಒಳಗೆ ಕೂತು ಕಿರುಚುವವಳು.

ಪಾರ್ಕಿನವರೆಲ್ಲ ಅವಳನ್ನು ಚೀರಕ್ಕ ಎನ್ನುತ್ತಿದ್ದರು. ಅವಳು ಅಕ್ಕ ಆದ ಮೇಲೆ ಗಂಡ ಭಾವನಾಗದೆ ವಿಧಿಯಿಲ್ಲ. ಹಾಗಾಗಿ ಅವನು ಮೋಟರ್ ಭಾವ.

ಕಿರುಚುವುದನ್ನೂ ಕೆಲಸ ಎನ್ನುತ್ತಾರೆಯೇ ಎಂದು ಮೂಗು ಮುರಿಯುವವರು ಒಂದು ದಿನ ಅವಳ ಜಾಗದಲ್ಲಿ ಕೂತು ನೋಡಬೇಕು. ಬೆಳಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ, ರೈಲು ಬಂದಾಗಲೆಲ್ಲ, ಈಗಷ್ಟೇ ಕುದಿಯುವ ಎಣ್ಣೆಗೆ ಬಿದ್ದವಳ ಹಾಗೆ ಕೂಗಬೇಕು. ಹೊಟ್ಟೆಯಿಂದ ಎತ್ತಬೇಕು, ಎದೆಯಲ್ಲಿ ತಿರುಗಿಸಬೇಕು, ಗಂಟಲಿಗೆ ಆದಷ್ಟು ಕಡಿಮೆ ತಾಗಿಸಿ ಹೊರಗೆ ಬಿಡಬೇಕು. ಅವಳಿಗೆ ಇದನ್ನು ಯಾರೂ ಕಲಿಸಿದ್ದಲ್ಲ. ಮದುವೆಯಾದ ಹೊಸದರಲ್ಲಿ ಅವಳು ಟಿಕೆಟ್ ಗೂಡಿನಲ್ಲಿ ಕೂರುತ್ತಿದ್ದಳು. ಒಂದು ದಿನ ಮೇಜಿನಡಿಯಿಂದ ಜಿರಲೆಯೊಂದು ಅವಳ ಕಾಲ ಮೇಲೆ ಹತ್ತಿತು. ಅವಳು ಹಾಕಿದ ಕೂಗಿಗೆ ದೊಡ್ಡ ಚಕ್ರದ ಮೇಲಿದ್ದವರೂ ಬಗ್ಗಿ ನೋಡಿದರು. ಪಾರ್ಕಿನ ಯಜಮಾನರು ಆಫೀಸಿನಿಂದ ಓಡಿಬಂದು, ಏನಾಯಿತು ಎಂದು ಕೇಳುವ ಬದಲು, "ಇದನ್ನೇ ಇನ್ನೊಂದ್ಸಲ ಮಾಡ್ತೀಯಾ?" ಎಂದರು. ಜಿರಲೆಯ ದೆಸೆಯಿಂದ ಅವಳಿಗೆ ಅವತ್ತೇ ಬಡ್ತಿ ಸಿಕ್ಕಿತು.

ಆ ನರಕವನ್ನು ಕಟ್ಟಿ ಬಣ್ಣ ಬಳಿದವನು ಬಣ್ಣದ ತಾತ. ಮೊದಲು ಸಿನಿಮಾ ಬೋರ್ಡು ಬರೆಯುತ್ತಿದ್ದ ಮುದುಕ. ಯಾವ ದೇವರನ್ನು ನಂಬುವವನು ಟಿಕೆಟ್ ತೆಗೆದುಕೊಂಡರೂ ಅವನ ನರಕ ಅವನಿಗೆ ಸಿಗಬೇಕು, ಯಾರೂ 'ನಮ್ಮದಿಲ್ಲ' ಎಂದು ಗೊಣಗಬಾರದು ಎಂದು ಯಜಮಾನರು ಅವನಿಗೆ ಹೇಳಿದ್ದರು. ತಾತ ಕಂಡಕಂಡ ಅಜ್ಜಿಯರ ಹತ್ತಿರ ಕೂತು ಕಥೆ ಕೇಳಿದ. ಬೇರೆ ಬೇರೆ ಪ್ರಾರ್ಥನೆಯ ಮನೆಗಳಿಗೆ ಹೋಗಿ ಹಿರಿಯರನ್ನು ವಿಚಾರಿಸಿದ. ಲೈಬ್ರರಿಯಲ್ಲಿ ದಪ್ಪ ಪುಸ್ತಕಗಳ ಚಿತ್ರ ನೋಡಿದ. ಒಬ್ಬರ ನರಕದಲ್ಲಿ ಕುದಿಯುವ ಎಣ್ಣೆ. ಇನ್ನೊಬ್ಬರ ನರಕದಲ್ಲಿ ಮುಳ್ಳಿನ ಮರ ಹತ್ತಿಸುತ್ತಾರೆ. ಮತ್ತೊಬ್ಬರದರಲ್ಲಿ ಹೊಲಸು ನದಿ, ದಾಟಿಸಲು ಕೆಟ್ಟ ಮುಖದ ಅಂಬಿಗ. ಚಳಿದೇಶದ ಕೆಲವರಿಗೆ ನರಕವೆಂದರೆ ಬೆಂಕಿಯೇ ಅಲ್ಲವಂತೆ, ಕೊನೆಯಿಲ್ಲದ ಹಿಮವಂತೆ. ತಾತ ಯಾರನ್ನೂ ಬೇಸರಪಡಿಸಲಿಲ್ಲ. ಬಾಗಿಲಲ್ಲೇ ಹಿಮ, ಅದರಾಚೆ ಮುಳ್ಳಿನ ಮರ, ಆಮೇಲೆ ನದಿ, ಕೊನೆಗೆ ಎಣ್ಣೆ ಕೊಪ್ಪರಿಗೆ ಎಂದು ಸಾಲಾಗಿ ಇಟ್ಟ. ಕಾಲೇಜು ಹುಡುಗರು ಬಂದು 'ಸಿನಿಮಾದಲ್ಲಿ ಇದಕ್ಕಿಂತ ಜೋರಾಗಿ ತೋರಿಸ್ತಾರೆ' ಎಂದ ಮೇಲೆ ನರಕದ ದೂತರಿಗೆ ಚರ್ಮದ ಜಾಕೆಟ್ಟು, ಕಪ್ಪು ಕನ್ನಡಕ ಕೂಡ ಬಂದವು.

ಆ ದೂತರಿಗೆ ಕೊಂಬಿತ್ತು, ಕೋರೆಹಲ್ಲಿತ್ತು, ಕೈಯಲ್ಲಿ ಗರಗಸವಿತ್ತು. ಕಿವಿ ಮಾತ್ರ ಇರಲಿಲ್ಲ. ಕನ್ನಡಕ ನಿಲ್ಲಿಸಲು ತಾತ ಮೊಳೆ ಹೊಡೆಯಬೇಕಾಯಿತು.

"ಮರೆತುಬಿಟ್ರಾ ತಾತ?" ಎಂದು ಚೀರಕ್ಕ ಕೇಳಿದ್ದಳು.

"ಮರೆಯೋದೇನಮ್ಮ. ಕಿವಿ ಇದ್ದಿದ್ರೆ ಆ ಕೆಲಸ ಮಾಡೋಕಾಗ್ತಿತ್ತಾ ಅವರಿಗೆ? ಎಲ್ಲರ ನರಕಾನೂ ವಿಚಾರಿಸಿದೆ ನಾನು. ಬೆಂಕಿ ಇಲ್ಲದ ನರಕ ಇದೆ, ನೀರಿಲ್ಲದ ನರಕ ಇದೆ. ಕೂಗಿದ್ದನ್ನ ಕೇಳಿಸಿಕೊಳ್ಳೋರು ಇರೋ ನರಕ ಒಂದೂ ಸಿಗಲಿಲ್ಲ."

ಮುದುಕ ಸ್ವಲ್ಪ ಅತಿ ಎಂದುಕೊಂಡು ಅವಳು ನಕ್ಕುಬಿಟ್ಟಿದ್ದಳು.

ಚೀರಕ್ಕನ ಜಾಗ ಕೊಪ್ಪರಿಗೆಯ ಹಿಂದೆ. ಕೊಪ್ಪರಿಗೆಯಲ್ಲಿ ಒಂದು ತೊಟ್ಟು ಎಣ್ಣೆಯಿಲ್ಲ. ನೀರು, ಕೆಂಪು ಬಲ್ಬು, ಹೊಗೆ ಬಿಡುವ ಒಂದು ಡಬ್ಬ, ಅಷ್ಟೇ. ಅವಳ ಮುಂದೆ ಗೋಡೆಗೆ ಬಿಗಿದ ಮೈಕು. ಅಲ್ಲಿ ಕೂಗಿದ್ದು ಗುಹೆಯ ಒಳಗೂ ಕೇಳಿಸುತ್ತದೆ, ಹೊರಗೆ ಬಾಗಿಲ ನೆತ್ತಿಯ ಮೇಲೆ ಕಟ್ಟಿದ ಸ್ಪೀಕರಿನಲ್ಲೂ ಕೇಳಿಸುತ್ತದೆ. ಆ ಸ್ಪೀಕರಿನ ಕೆಳಗೇ ಮೋಟರ್ ಭಾವನ ಗೂಡು. ರೈಲಿಗೆ ಡ್ರೈವರ್ ಇಲ್ಲ. ಹಳಿಯ ಕೆಳಗಿನ ಸರಪಳಿ ಅದನ್ನು ಎಳೆಯುತ್ತದೆ, ಸರಪಳಿಯನ್ನು ಮೋಟರು ಎಳೆಯುತ್ತದೆ, ಮೋಟರಿನ ಲಿವರು ಭಾವನ ಕೈಯಲ್ಲಿ. ಒಳಗಿರುವವರು ತಲೆಕೆಳಗಾಗಿ ನಿಂತರೂ ರೈಲು ನಿಲ್ಲುವುದಿಲ್ಲ.

ಇದರಿಂದ ಮೊದಲ ವರ್ಷವೇ ಒಂದು ಅನಾಹುತ ಆಗುವುದಿತ್ತು. ಒಬ್ಬನ ಶಾಲು ಚಕ್ರಕ್ಕೆ ಸಿಕ್ಕಿ ಕುತ್ತಿಗೆ ಬಿಗಿಯತೊಡಗಿತು. ಚೀರಕ್ಕ ಮೈಕಿನಲ್ಲಿ "ನಿಲ್ಸಿ, ನಿಲ್ಸಿ, ಸಾಯ್ತಾನೆ" ಎಂದು ಬಾಯಿ ಬಡಿದುಕೊಂಡಳು. ಹೊರಗೆ ಸಾಲಿನಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಭಾವ ಕೂಡ, ಇವತ್ತು ನನ್ನ ಹೆಂಡತಿ ಜೋರಾಗಿದ್ದಾಳೆ ಎಂದು ಹೆಮ್ಮೆಪಟ್ಟನಂತೆ. ಪುಣ್ಯಕ್ಕೆ ಶಾಲು ಹರಿಯಿತು. ಅವತ್ತು ಗಂಡಹೆಂಡಿರು ಕೂತು ಒಂದು ಕಟ್ಟಳೆ ಮಾಡಿಕೊಂಡರು. ನರಕದಲ್ಲಿ ಕೂಗಿದರೆ ಎಲ್ಲ ಸರಿಯಿದೆ ಎಂದರ್ಥ. ಅವಳು ಸುಮ್ಮನಾದರೆ ಅಪಾಯ. ರೈಲು ಒಳಗಿರುವಾಗ ಕೂಗು ನಿಂತ ಕೂಡಲೇ ಲಿವರು ಎಳೆದು ರೈಲು ನಿಲ್ಲಿಸಬೇಕು. ಹೊಸ ಜನರನ್ನು ಕೂರಿಸಿಕೊಂಡಾಗಲೂ ಅಷ್ಟೇ, ಒಳಗಿನಿಂದ ಅವಳ ಕೂಗು ಬಂದ ಮೇಲೆಯೇ ರೈಲು ಹೊರಡಬೇಕು. ಯಜಮಾನರು ಒಂದು ಕರೆಗಂಟೆ ಹಾಕಿಸಿದ್ದರು, ಅದರ ತಂತಿಯನ್ನು ಇಲಿ ಕಡಿದ ಮೇಲೆ ನಾಳೆ ನಾಡಿದ್ದು ಎನ್ನುತ್ತಲೇ ಇದ್ದರು. ಗಂಟೆ ಇಲ್ಲದೆಯೂ ಆ ಕಟ್ಟಳೆ ಎಷ್ಟೋ ಸಲ ಜನರನ್ನು ಕಾಪಾಡಿತು. ಹೆಂಡತಿಯ ಆರ್ತನಾದ ಕೇಳಿಸುತ್ತಿದ್ದಷ್ಟು ಹೊತ್ತು ನೆಮ್ಮದಿಯಾಗಿ ಇರುತ್ತಿದ್ದ ಗಂಡ ಆ ಊರಲ್ಲಿ ಅವನೊಬ್ಬನೇ ಇರಬೇಕು.

ಮನೆಯಲ್ಲಿ ಚೀರಕ್ಕನ ದನಿ ಏಳುತ್ತಲೇ ಇರಲಿಲ್ಲ. ಗಂಟಲಿನ ಸಂಪಾದನೆಯನ್ನು ಮನೆಯಲ್ಲಿ ಯಾಕೆ ಪೋಲು ಮಾಡಲಿ ಎನ್ನುತ್ತಿದ್ದಳು. ಮಧ್ಯಾಹ್ನ ರೈಲಿಗೆ ಬಿಡುವು ಕೊಟ್ಟಾಗ ಗುಹೆಯ ಹಿಂಬಾಗಿಲಲ್ಲಿ ನಿಂತು, ಪಕ್ಕದಲ್ಲಿ ಕೂತವರನ್ನು ಮಾತಾಡಿಸುವ ಹಾಗೆ, "ರೀ, ಊಟಕ್ಕೆ ಬನ್ನಿ, ತಣ್ಣಗಾಗ್ತಿದೆ" ಎನ್ನುವಳು. ಅಷ್ಟು ದೂರದಲ್ಲಿ, ಕುದುರೆಗಳ ಬ್ಯಾಂಡು, ಚಕ್ರದ ಕಿರ್ರೆನ್ನುವ ಸದ್ದು ಎಲ್ಲದರ ನಡುವೆ, ಭಾವ ಎಣ್ಣೆ ಕೈ ಒರೆಸಿಕೊಂಡು ಎದ್ದು ಬರುವನು. "ಅದು ಹೇಗೆ ಕೇಳಿಸುತ್ತೆ ನಿಮಗೆ?" ಎಂದು ಕುದುರೆಯವನು ಕೇಳಿದ್ದಕ್ಕೆ, "ಗೊತ್ತಿಲ್ಲಪ್ಪ. ಕೇಳಿಸುತ್ತೆ" ಎಂದಿದ್ದ.

ಇಂಥ ಜೋಡಿಯ ನಡುವೆ ಜಗಳ ಹುಟ್ಟಿದ್ದು ಪ್ರೀತಿಯಿಂದಲೇ. ಚೀರಕ್ಕನ ಗಂಟಲಲ್ಲಿ ಸಣ್ಣ ಗಂಟೊಂದು ಕಾಣಿಸಿಕೊಂಡಿತ್ತು. ಕಿರುಚುವುದನ್ನು ಬಿಡಬೇಕು ಎಂದಿದ್ದರು ಡಾಕ್ಟರಮ್ಮ. ಬಿಟ್ಟು ಏನು ಮಾಡಲಿ ಎಂದು ಇವಳು ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಭಾವನಿಗೆ ಮಾತ್ರ ನಿದ್ದೆ ಹಾರಿಹೋಗಿತ್ತು. ಅವನು ಅವಳೊಡನೆ ಮಾತಾಡುವುದು ಬಿಟ್ಟು ಯಜಮಾನರೊಡನೆ ಮಾತಾಡಿದ. ಯಜಮಾನರು ಒಂದು ಟೇಪು ಮೆಷಿನ್ ತಂದು, ಅವಳಿಗೆ ತಿಳಿಯದ ಹಾಗೆ ಮೈಕಿನ ತಂತಿಗೆ ಸಿಕ್ಕಿಸಿ, ಇಡೀ ದಿನದ ಕಿರುಚಾಟವನ್ನು ತುಂಬಿಸಿಕೊಂಡರು. ಮರುದಿನ ಬೆಳಗ್ಗೆ, ಚಪ್ಪಲಿ ಮೆಟ್ಟುತ್ತ, ಒಳ್ಳೆಯ ಸುದ್ದಿ ಹೇಳುವವನ ಹಾಗೆ ಭಾವ ಇದನ್ನು ಹೇಳಿದ.

"ನನ್ನ ದನೀನ ನನಗೆ ಹೇಳದೆ ತಗೊಂಡ್ರಾ?"

"ನಿನ್ನ ಒಳ್ಳೇದಕ್ಕೇ ತಾನೆ."

"ನನ್ನ ಒಳ್ಳೇದನ್ನ ನನ್ನ ಕೇಳಿ ಮಾಡಿ. ಮೆಷಿನ್ ಕಿರುಚೋದಾದ್ರೆ ನಾನ್ಯಾಕೆ ಅಲ್ಲಿ? ಆ ಬೊಂಬೆಗಳ ಜೊತೆ ಒಂದು ಬೊಂಬೆಯಾಗಿ ಕೂರ್ಲಾ?"

"ಸುಮ್ನೆ ತಲೆ ತಿನ್ಬೇಡ. ಗಂಟಲು ಹೋದ್ರೆ ಯಾರು ನೋಡ್ಕೊಳ್ತಾರೆ?"

"ಸರಿ ಹಾಗಾದ್ರೆ. ಇವತ್ತು ನಾನು ಕಿರುಚಲ್ಲ, ನಡೆಸಿ ನಿಮ್ಮ ನರಕಾನ, ನೋಡೋಣ. ಇನ್ಮೇಲೆ 'ಊಟಕ್ಕೆ ಬನ್ನಿ' ಅನ್ನೋ ಮಾತೂ ನನ್ನ ಬಾಯಿಂದ ಬರಲ್ಲ. ಅದನ್ನೂ ಆ ಮೆಷಿನ್ ಹತ್ರಾನೇ ಹೇಳಿಸ್ಕೊಳಿ."

ಕೋಪದಲ್ಲಿ ಆಡಿದ ಮಾತು ಬಸ್ಸು ಇಳಿಯುವಷ್ಟರಲ್ಲಿ ಮರೆತುಹೋಗಿದ್ದರೆ ಚೆನ್ನಾಗಿತ್ತು. ಚೀರಕ್ಕ ಮರೆಯಲಿಲ್ಲ. ಆದರೂ ಎರಡು ಸುತ್ತು ನಿಯತ್ತಾಗಿ ಕೂಗಿದಳು. ಮೂರನೆಯ ಸುತ್ತಿಗೆ ಹೊಟ್ಟೆಯುರಿ ಮೇಲೆದ್ದು ಬಂತು. ಫ್ಲಾಸ್ಕು ತೆರೆದು ಬಿಸಿನೀರು ಬಗ್ಗಿಸಿಕೊಂಡು ಸುಮ್ಮನೆ ಕೂತಳು. ರೈಲು ಗಕ್ಕನೆ ನಿಂತಿತು. ಭಾವ ಮುಖದಲ್ಲಿ ರಕ್ತವಿಲ್ಲದೆ, ಹಳಿಯ ಮೇಲೆ ಎಡವುತ್ತ ಓಡಿಬಂದ.

"ಏನಾಯ್ತೇ?"

"ಏನಿಲ್ಲ. ನೀರು ಕುಡೀತಿದ್ದೆ."

ಅವನು ಅವಳನ್ನೇ ನೋಡಿದ. ಬೈಯಲಿಲ್ಲ. "ಇದರಲ್ಲಿ ಆಟ ಆಡ್ಬೇಡ" ಎಂದಷ್ಟೇ ಹೇಳಿ ಹಿಂದಕ್ಕೆ ಹೋದ. ಅವನ ಗಾಬರಿ ನೋಡಿ ಅವಳು ಒಳಗೊಳಗೇ ಖುಷಿಪಟ್ಟಳು. ಇಷ್ಟೊಂದು ಕೆಟ್ಟ ಖುಷಿ ಅವಳು ಜನ್ಮದಲ್ಲಿ ಪಟ್ಟಿರಲಿಲ್ಲ. ಮಧ್ಯಾಹ್ನ ಅವಳು ಕರೆಯಲಿಲ್ಲ, ಅವನು ಬರಲಿಲ್ಲ. ಕ್ಯಾರಿಯರ್ ಹಾಗೇ ಮುಚ್ಚಿಕೊಂಡು ಹಿಂಬಾಗಿಲ ಬಳಿ ಕೂತಿತ್ತು.

ಊಟದ ಬಿಡುವಿನ ನಂತರದ ಮೊದಲ ಸುತ್ತಿನಲ್ಲಿ ಕೋಲಿನ ಅಜ್ಜಿ ಇದ್ದಳು. ಅವಳು ಯಾರೆಂದು ಯಾರಿಗೂ ತಿಳಿಯದು. ಆ ವಾರ ದಿನಾ ಒಬ್ಬಳೇ ಬರುತ್ತಿದ್ದಳು, ಕೊನೆಯ ಡಬ್ಬಿಯಲ್ಲಿ ಕೋಲು ಹಿಡಿದು ಕೂರುತ್ತಿದ್ದಳು, ಎಲ್ಲರೂ ಕಣ್ಣು ಮುಚ್ಚಿ ಕಿರುಚುವಲ್ಲಿ ಅವಳು ಕಣ್ಣು ಕಿರಿದು ಮಾಡಿಕೊಂಡು ಹುಡುಕುವವಳ ಹಾಗೆ ನೋಡುತ್ತಿದ್ದಳು. ಕೊಪ್ಪರಿಗೆಯ ತಿರುವಿನಲ್ಲಿ ರೈಲು ನಡೆಯುವ ವೇಗಕ್ಕೆ ಇಳಿಯುತ್ತದೆ. ಅವತ್ತು ಅಲ್ಲಿ ಅಜ್ಜಿ ಡಬ್ಬಿಯಿಂದ ಮೆಲ್ಲಗೆ ಇಳಿದೇಬಿಟ್ಟಳು. ರೈಲು ಮುಂದೆ ಸಾಗಿ ಹೊರಗೆ ಹೋಯಿತು.

ಚೀರಕ್ಕ ಕೂಗು ಮುಗಿಸಿ ತಲೆಯೆತ್ತಿದಾಗ ಕೆಂಪು ಬೆಳಕಿನಲ್ಲಿ, ಹಳಿಯ ನಡುವೆ, ಕೋಲೂರಿ ನಿಂತ ಆಕೃತಿ ಕಾಣಿಸಿತು. ನರಕದಲ್ಲಿ ಅಷ್ಟು ವರ್ಷ ಕೆಲಸ ಮಾಡಿದವಳ ಎದೆಯೂ ಒಮ್ಮೆ ಧಸಕ್ಕೆಂದಿತು.

"ಯಾರದು? ಅಜ್ಜಿ, ಇಲ್ಲಿ ಯಾಕೆ ಇಳಿದ್ರಿ?"

"ಹತ್ತಿರದಿಂದ ನೋಡೋಣ ಅಂತ ಕಣಮ್ಮ. ಗಾಡಿ ನಿಲ್ಲಲ್ಲ, ನನಗೆ ಕಣ್ಣು ಮಂಜು. ನಮ್ಮೋರು ಎಲ್ಲಾದ್ರೂ ಇದ್ದಾರೇನೋ ಅಂತ."

"ಇಲ್ಲಿ ಯಾರೂ ಇಲ್ಲ, ಎಲ್ಲಾ ಗಾರೆ ಬೊಂಬೆ. ಬನ್ನಿ ಈ ಕಡೆ."

ಅಜ್ಜಿ ಒಂದು ಹೆಜ್ಜೆ ಇಟ್ಟಳು. ಹಳಿಗೂ ಹಲಗೆಗೂ ನಡುವಿನ ಸಂದಿಗೆ ಅವಳ ಕಾಲು ಕಣಕಾಲಿನವರೆಗೆ ಇಳಿದುಹೋಯಿತು. ಚೀರಕ್ಕ ಹೋಗಿ ಕಂಕುಳಿಗೆ ಕೈಹಾಕಿ ಎತ್ತಿದಳು. ಕಾಲು ಬರಲಿಲ್ಲ. ಬಕ್ಕಲು ಬಿಗಿದ ಷೂ ಹಲಗೆಯ ಕೆಳಗೆ ಅಡ್ಡಲಾಗಿ ಕಚ್ಚಿಕೊಂಡಿತ್ತು, ಬಕ್ಕಲಿಗೆ ಬೆರಳು ಎಟಕುತ್ತಿರಲಿಲ್ಲ. ಕೋಲನ್ನು ಸಂದಿಗೆ ತುರುಕಿ ಹಲಗೆ ಮೀಟಿದಳು. ಕೋಲು ಲಟಕ್ಕೆಂದು ಮುರಿಯಿತು. ಒಂದು ಹನಿ ಎಣ್ಣೆ ಇದ್ದಿದ್ದರೆ ಕಾಲು ಜಾರಿಬರುತ್ತಿತ್ತೇನೋ. ಪಕ್ಕದಲ್ಲೇ ಅಷ್ಟು ದೊಡ್ಡ ಎಣ್ಣೆ ಕೊಪ್ಪರಿಗೆ, ಅದರಲ್ಲಿ ಬರೀ ನೀರು.

ಆದರೂ ಅವಳು ಗಾಬರಿಯಾಗಲಿಲ್ಲ. ರೈಲು ಈಗ ಹೊರಗೆ ನಿಂತಿದೆ, ಜನ ಇಳಿಯುತ್ತಾರೆ, ಹತ್ತುತ್ತಾರೆ. ನಾನು ಕೂಗದೆ ಅದು ಹೊರಡುವುದಿಲ್ಲ. ಸುಮ್ಮನಿದ್ದರೆ ಸಾಕು, ಅವರೇ ಓಡಿಬರುತ್ತಾರೆ. ಹಾಗೆಂದುಕೊಂಡು ಅಜ್ಜಿಯ ಕೈ ಹಿಡಿದು, ತುಟಿ ಬಿಗಿದು ಕಾದಳು.

ಹೊರಗೆ ಜನರ ಗದ್ದಲ ಹಲಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಗದ್ದಲ ಸ್ವಲ್ಪ ಹೊತ್ತು ಬೆಳೆಯಿತು. ಯಾರೋ ಸಿಳ್ಳೆ ಹಾಕಿದರು. ಓಡಿಬರುವ ಹೆಜ್ಜೆಯ ಸದ್ದು ಮಾತ್ರ ಇಲ್ಲ. ಆಗ ಅವಳಿಗೆ ಬೆಳಗಿನ ಫ್ಲಾಸ್ಕು ನೆನಪಾಯಿತು. 'ಏನಿಲ್ಲ, ನೀರು ಕುಡೀತಿದ್ದೆ.' ನಾನು ಮುಖ ಊದಿಸಿಕೊಂಡು ಕೂತಿದ್ದೇನೆ ಎಂದುಕೊಂಡಿದ್ದಾರೆ ಅವರು.

ಅಷ್ಟರಲ್ಲಿ ಗುಹೆಯ ತುಂಬ ಒಂದು ಕಿರುಚಾಟ ಕೇಳಿಸಿತು.

ಅದು ಅವಳದೇ ಕಿರುಚಾಟ. ಹೊಟ್ಟೆಯಿಂದ ಎದ್ದು, ಎದೆಯಲ್ಲಿ ತಿರುಗಿ, ಕೊನೆಯಲ್ಲಿ ಸಣ್ಣಗೆ ಕೆಮ್ಮು ತಾಗುವ ಅವಳ ಸ್ವಂತ ಕಿರುಚಾಟ. ಬಾಯಿ ಮುಚ್ಚಿಕೊಂಡು ನಿಂತು ತನ್ನ ದನಿಯನ್ನು ತಾನೇ ಕೇಳಿ ಚೀರಕ್ಕನ ಮೈ ಮುಳ್ಳೆದ್ದಿತು. ಯಜಮಾನರು ಟೇಪು ಹಾಕಿಸಿದ್ದರು. ಕಾಲಡಿಯ ಹಲಗೆ ನಡುಗಿತು. ಸರಪಳಿ ಬಿಗಿಯಾಗಿ ಎಳೆದುಕೊಳ್ಳುವ ಸದ್ದು ಬಂತು. ರೈಲು ಹೊರಟಿತು.

"ಕೈ ಬಿಡಬೇಡಮ್ಮ" ಎಂದಳು ಅಜ್ಜಿ. ಮುದುಕಿಗೂ ಈಗ ಅರ್ಥವಾಗಿತ್ತು.

"ಒಂದು ನಿಮಿಷ ಅಜ್ಜಿ. ಬಂದೆ."

"ಬಿಡಬೇಡ."

ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಅವಳು ಮೈಕಿಗೆ ಹಾರಿದಳು. "ನಿಲ್ಸಿ, ರೈಲು ನಿಲ್ಸಿ, ಹಳಿ ಮೇಲೆ ಜನ ಇದ್ದಾರೆ!" ಅವಳ ಕೂಗಿನ ಮೇಲೆ ಟೇಪಿನ ಕೂಗು ಬಂದು ಬಿತ್ತು. ಎರಡು ಹೆಂಗಸರು ಒಂದೇ ದನಿಯಲ್ಲಿ ಬೇಯುತ್ತಿರುವ ಹಾಗೆ ಕೇಳಿಸಿತು. ಹೊರಗೆ ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಅದೇ ಚಪ್ಪಾಳೆ, ಶಾಲಿನವನ ದಿನ ಕೇಳಿಸಿದ್ದು.

ರೈಲು ಎಲ್ಲಿದೆಯೆಂದು ನೋಡದೆಯೂ ಅವಳಿಗೆ ತಿಳಿಯುತ್ತಿತ್ತು. ಹಿಮದ ನರಕದಲ್ಲಿ ತಣ್ಣನೆಯ ಗಾಳಿ ಮುಖಕ್ಕೆ ಹೊಡೆದಾಗ ಜನ ಗಪ್‌ಚಿಪ್ಪಾಗುತ್ತಾರೆ. ಈಗ ಗಪ್‌ಚಿಪ್ಪಾದರು. ಹಿಂಬಾಗಿಲಿನಿಂದ ಓಡೋಣವೆಂದರೆ ಬೇಲಿ ಸುತ್ತಿ ಮೋಟರಿನ ಗೂಡು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ರೈಲಿಗೆ ಎದುರಾಗಿ ಓಡಿ ಕೈಬೀಸಿದರೆ, ಕೂತವರು ಇನ್ನೊಂದು ದೆವ್ವ ಬಂತೆಂದು ಕುಣಿದಾಡುತ್ತಾರೆ. ಮುಳ್ಳಿನ ಮರದ ಹತ್ತಿರ ಮಕ್ಕಳು ಅಳುತ್ತಾರೆ. ಮಗುವೊಂದು ಅಳತೊಡಗಿತು.

ಕಿರುಚಿದರೆ ಅದು ಆಟ. ಸುಮ್ಮನಿದ್ದರೆ ಅದು ಜಗಳ. ಮೂರನೆಯ ದಾರಿ ಅವಳಿಗೆ ಕಾಣಿಸಲಿಲ್ಲ. ಕೊಪ್ಪರಿಗೆಯ ಎರಡೂ ಬದಿಯ ದೂತರು ಕಪ್ಪು ಕನ್ನಡಕ ಹಾಕಿಕೊಂಡು ಅವಳನ್ನೇ ನೋಡುತ್ತಿದ್ದರು. ಕಿವಿಯ ಜಾಗದಲ್ಲಿ ನುಣ್ಣನೆಯ ಗಾರೆ. ಬಣ್ಣದ ತಾತ ಅತಿಯಾಗಿ ಏನೂ ಹೇಳಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ಅವಳು ನರಕದ ವೇಷ ಹಾಕಿದ್ದಳು. ನರಕ ಈಗ ಬಂದಿತ್ತು.

ಅಂಬಿಗನ ಬೊಂಬೆ ತಲೆ ತಿರುಗಿಸಿದಾಗ ದೊಡ್ಡವರು ನಗುತ್ತಾರೆ. ನಗು ಕೇಳಿಸಿತು. ಇನ್ನು ತಿರುವೊಂದೇ ಬಾಕಿ. ರೈಲಿನ ಮುಂದಿನ ದೀಪದ ಬೆಳಕು ನದಿಯ ಗೋಡೆಯ ಮೇಲೆ ಹರಿದಾಡುತ್ತಿತ್ತು. ಅಜ್ಜಿ ಕಾಲನ್ನು ಎಳೆದುಕೊಳ್ಳುವುದನ್ನು ಬಿಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು.

ಕಿರುಚಾಟವೆಲ್ಲ ಟೇಪಿನಲ್ಲಿದೆ. ನನ್ನದು ಅಂತ ಟೇಪಿನಲ್ಲಿ ಇಲ್ಲದ್ದು ಏನಿದೆ? ಈ ನರಕದಲ್ಲಿ ಯಾರೂ ಯಾವತ್ತೂ ಹೇಳದೆ ಇರುವುದು, ಕೇಳಿದರೆ ನನ್ನದೇ ಎಂದು ಅವರಿಗೆ ತಿಳಿಯುವಂಥದ್ದು ಏನಿದೆ? ನಾಲಿಗೆಯ ತುದಿಗೆ ಒಂದೇ ಮಾತು ಬಂತು. ಇನ್ನು ಆಡುವುದಿಲ್ಲ ಎಂದು ಬೆಳಗ್ಗೆ ಶಪಥ ಮಾಡಿದ್ದ ಮಾತು. ಗಂಟಲು ಹರಿದುಹೋಗುವಷ್ಟು ಕೂಗಬೇಕೆಂದು ಮೈಯೆಲ್ಲ ಹೇಳುತ್ತಿದ್ದರೂ, ಅವಳು ಉಸಿರು ಕೆಳಗಿಳಿಸಿದಳು. ಮೈಕಿಗೆ ತುಟಿ ತಾಗಿಸಿ, ಹಿಂಬಾಗಿಲಲ್ಲಿ ನಿಂತವಳ ಹಾಗೆ, ಪಕ್ಕದಲ್ಲಿ ಕೂತವರನ್ನು ಮಾತಾಡಿಸುವ ಹಾಗೆ ಹೇಳಿದಳು.

"ರೀ, ಊಟಕ್ಕೆ ಬನ್ನಿ. ತಣ್ಣಗಾಗ್ತಿದೆ."

ಟೇಪು ಕಿರುಚುತ್ತಲೇ ಇತ್ತು. ರೈಲು ತಿರುವಿಗೆ ಬಂತು. ದೀಪದ ಬೆಳಕು ಅಜ್ಜಿಯ ಬೆನ್ನಿಗೆ ಬಿತ್ತು, ಬೆನ್ನಿನಿಂದ ತಲೆಗೆ ಏರಿತು. ಚೀರಕ್ಕ ಮೈಕು ಬಿಟ್ಟು ಓಡಿಬಂದು ಅಜ್ಜಿಯನ್ನು ತಬ್ಬಿ ಹಳಿಯ ಮೇಲೆಯೇ ಕೂತುಬಿಟ್ಟಳು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ. ಅಜ್ಜಿ ಕೈ ಬಿಡಬೇಡ ಎಂದಿದ್ದಳು, ಅಷ್ಟೇ.

ಸರಪಳಿ ಕಟಕಟನೆ ಹಲ್ಲು ಕಡಿದು ನಿಂತಿತು. ಮುಂದಿನ ಡಬ್ಬಿಯ ಕಬ್ಬಿಣ ಚೀರಕ್ಕನ ಭುಜಕ್ಕೆ ತಾಗಿ ನಿಂತಿತು. ನೋಯಲಿಲ್ಲ, ತಣ್ಣಗಿತ್ತು. ಟೇಪು ಅರ್ಧ ಕೂಗಿನಲ್ಲಿ ಕಡಿದುಹೋಯಿತು. ರೈಲಿನಲ್ಲಿದ್ದವರು ಒಂದು ಗಳಿಗೆ ನೋಡಿ, ಇಂಥ ಆಟ ಇದುವರೆಗೆ ನೋಡಿರಲಿಲ್ಲವೆಂದು ಭರ್ಜರಿ ಚಪ್ಪಾಳೆ ತಟ್ಟಿದರು.

ಭಾವ ಟಾರ್ಚು ಹಿಡಿದು ಹಳಿಗುಂಟ ಓಡಿಬಂದ. "ಎಲ್ಲಿದ್ದೀಯೇ? ಎಲ್ಲಿದ್ದೀಯಾ?" ಅವನು ಅವಳನ್ನು ನೋಡಿದ, ಅಜ್ಜಿಯನ್ನು ನೋಡಿದ, ಭುಜಕ್ಕೆ ತಾಗಿದ ಕಬ್ಬಿಣವನ್ನು ನೋಡಿದ, ಅಲ್ಲೇ ಗೋಡೆ ಹಿಡಿದುಕೊಂಡು ವಾಂತಿ ಮಾಡಿದ. ಆಮೇಲೆ ಬಾಯಿ ಒರೆಸಿಕೊಂಡು ಹಾರೆ ತಂದು ಹಲಗೆ ಎಬ್ಬಿಸಿದ. ಹಿಂದಿನಿಂದ ಬಂದ ಯಜಮಾನರು "ಸದ್ಯ, ಏನೂ ಆಗಲಿಲ್ಲವಲ್ಲ" ಎಂದರು. ಏನೂ ಆಗದಿದ್ದಾಗ ಹೀಗೆನ್ನಲು ಎಲ್ಲ ಯಜಮಾನರಿಗೂ ಬರುತ್ತದೆ. ಭಾವ ಹೊರಗೆ ಹೋಗಿ ಮೆಷಿನ್ನಿನಿಂದ ಟೇಪು ಕಿತ್ತು ತಂದು, ಅವರ ಎದುರಿಗೇ ಕೊಪ್ಪರಿಗೆಯ ನೀರಿನಲ್ಲಿ ಅದ್ದಿದ. ಅವತ್ತೇ ಸಂಜೆ ಕರೆಗಂಟೆಗೆ ಹೊಸ ತಂತಿ ಬಂತು.

ಅದಕ್ಕೆ ಮುಂಚೆ ಮೂವರೂ ಹಿಂಬಾಗಿಲ ಬಳಿ ಪೆಟ್ಟಿಗೆಗಳ ಮೇಲೆ ಕೂತರು. ಅಜ್ಜಿಯ ಕಾಲು ಬಕೆಟ್ಟಿನ ತಣ್ಣೀರಿನಲ್ಲಿತ್ತು. ಊದಿತ್ತು, ಮೂಳೆ ಸರಿಯಿತ್ತು. ಚೀರಕ್ಕ ಕ್ಯಾರಿಯರ್ ಬಿಚ್ಚಿ, ತಣ್ಣಗಾದ ಅನ್ನವನ್ನು ಮೂರು ಪಾಲು ಮಾಡಿದಳು.

"ಬೆಳಗ್ಗೆ ಹಾಗೆ ಸುಮ್ಮನಾಗಬಾರದಿತ್ತು" ಎಂದಳು ಪಿಸುದನಿಯಲ್ಲಿ. ಅದಕ್ಕಿಂತ ಜೋರು ಗಂಟಲು ಒಪ್ಪಲಿಲ್ಲ.

"ನಾನು ಕೇಳದೆ ಟೇಪ್ ಮಾಡಬಾರದಿತ್ತು" ಎಂದ ಅವನು. ಜಗಳ ಅಷ್ಟಕ್ಕೇ ಮುಗಿಯಿತು.

ಅಜ್ಜಿ ತುತ್ತನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. "ನಮ್ಮೋರಿಗೆ ನಾನು 'ಹಾಳಾಗಿ ನರಕಕ್ಕೆ ಹೋಗಿ' ಅಂದಿದ್ದೆ" ಎಂದಳು, ಯಾರೂ ಕೇಳದಿದ್ದರೂ. "ಏನೋ ಸಣ್ಣ ಮಾತು, ಕೊಡೆ ಎಲ್ಲೋ ಬಿಟ್ಟು ಬಂದಿದ್ರು. ಅವತ್ತು ಹೊರಗೆ ಹೋದೋರು ದಾರೀಲೇ ಹೋಗಿಬಿಟ್ರು. ನಾನು ಆಡಿದ ಕೊನೇ ಮಾತು ಅದೇ ಆಯ್ತು. ನರಕ ಹೇಗಿರುತ್ತೆ ಅಂತ ಯಾರನ್ನ ಕೇಳಿದ್ರೂ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇಲ್ಲಿ ಎಲ್ಲಾ ಇದೆ ಅಂದ್ರು. ಎಂಥಾ ಜಾಗಕ್ಕೆ ಕಳಿಸಿದೀನಿ ಅಂತ ನೋಡ್ಬೇಕಿತ್ತು."

ಮಾತಾಡಿದ್ದು ಭಾವ.

"ಅವರನ್ನ ಊಟಕ್ಕೆ ಕರೀತಿದ್ದದ್ದು ನೀವೇನಾ ಅಜ್ಜಿ?"

"ಇನ್ಯಾರು ಕರೀತಾರೆ? ಮದುವೆಯಾದಾಗಿಂದ ಎರಡು ಹೊತ್ತೂ ನಾನೇ. ಒಂದೇ ಸಲಕ್ಕೆ ಬರೋ ಮನುಷ್ಯ ಅಲ್ಲ ಅವರು, ಇನ್ನೊಂದ್ಸಲ ಕರೀಬೇಕಿತ್ತು."

"ಹಾಗಾದ್ರೆ ಅದು ಕೇಳಿಸಿರುತ್ತೆ. ಬೈದದ್ದು ಗಲಾಟೇಲಿ ಹೋಗುತ್ತೆ ಅಜ್ಜಿ. ಅದೊಂದು ಎಲ್ಲಿದ್ರೂ ಕೇಳಿಸುತ್ತೆ. ನಾನು ಈಗ ತಾನೆ ಕೇಳಿಸ್ಕೊಂಡು ಬಂದೆ."

ಅಜ್ಜಿ ತುತ್ತನ್ನು ಬಾಯಿಗಿಟ್ಟು, ನಿಧಾನಕ್ಕೆ ಅಗಿದು ನುಂಗಿದಳು.

"ಆ ಮೈಕು ಇನ್ನೂ ಇದೆಯಾ?"

ಒಂದು ಕಡೆ ಚೀರಕ್ಕ, ಇನ್ನೊಂದು ಕಡೆ ಭಾವ ಹಿಡಿದುಕೊಂಡು ಅವಳನ್ನು ಕೊಪ್ಪರಿಗೆಯ ಹಿಂದಕ್ಕೆ ನಡೆಸಿಕೊಂಡು ಹೋದರು. ರೈಲು ಖಾಲಿಯಾಗಿ ನಿಂತಿತ್ತು. ಅಜ್ಜಿ ಮೈಕಿನ ಮುಂದೆ ತಲೆಗೂದಲು ನೇವರಿಸಿಕೊಂಡಳು, ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ರೀ, ಊಟಕ್ಕೆ ಬನ್ನಿ."

ನರಕದ ಬಾಗಿಲ ಮೇಲಿನ ಸ್ಪೀಕರಿನಿಂದ ಆ ಮಾತು ಪಾರ್ಕಿನ ತುಂಬ ಹೋಯಿತು. ಕುದುರೆಗಳ ಬಳಿ ನಿಂತಿದ್ದ ಒಂದಿಬ್ಬರು ಗಂಡಸರು, ತಮ್ಮನ್ನೇ ಕರೆದರೆಂದುಕೊಂಡು, ತಿರುಗಿ ನೋಡಿದರಂತೆ. ಒಳಗೆ ಅಜ್ಜಿ ಕತ್ತಲಿಗೆ ಕಿವಿಗೊಟ್ಟು ಸ್ವಲ್ಪ ಹೊತ್ತು ಕಾದಳು.

"ಒಂದೇ ಸಲಕ್ಕೆ ಬರೋರಲ್ಲ ಅಂದೆನಲ್ಲ" ಎಂದು ಇಬ್ಬರಿಗೂ ಹೇಳಿ, ಇನ್ನೊಂದು ಸಲ ಕರೆದಳು.